ಜೋತುಬಿದ್ದ ಪಾದಕ್ಕೆ ಕರೆಂಟ್: ನಾನು ಮಾಡುವ ಕ್ರಮ

ಲಕ್ವ ಹೊಡೆದವರನ್ನು ಫಿಸಿಯೋಥೆರಪಿಗೆ ಕರೆತರುವ ಮನೆಯವರು ಮೊದಲು ಕೇಳುವುದೇ "ಕರೆಂಟ್ ಕೊಡ್ತೀರಾ?" ಅಂತ. ಚರ್ಮಕ್ಕೆ ಪ್ಯಾಡ್ ಹಚ್ಚಿ, ಸಣ್ಣ ವಿದ್ಯುತ್ ಹರಿಸಿ ಸ್ನಾಯುವಿನಿಂದ ಕೆಲಸ ಮಾಡಿಸುವುದೇ ಈ ಕರೆಂಟ್. ಕೊಡುತ್ತೇನೆ. ಆದರೆ ರೋಗಿ ಸುಮ್ಮನೆ ಸೂರು ನೋಡುತ್ತ ಮಲಗಿದ್ದು, ಮಷಿನ್ ತನ್ನ ಪಾಡಿಗೆ ಪಾದ ಕುಣಿಸುತ್ತಿದ್ದರೆ ಸಿಗುವ ಫಲ ಬಹಳ ಕಡಿಮೆ. ಕರೆಂಟ್ ಏರುವ ಹೊತ್ತಿಗೇ ರೋಗಿಯೂ ಪಾದ ಎತ್ತಲು ಮನಸ್ಸಿಟ್ಟು ಯತ್ನಿಸಬೇಕು. ನನ್ನ ಸೆಟ್ಟಿಂಗ್‌ಗಳೆಲ್ಲ ಇದಕ್ಕೆ ಅನುಕೂಲವಾಗುವಂತೆಯೇ ಇರುತ್ತವೆ. ನಡೆಯುವಾಗ ಪಾದ ಜೋತುಬಿದ್ದು ಬೆರಳುಗಳು ನೆಲಕ್ಕೆ ಉಜ್ಜುವ ಫುಟ್ ಡ್ರಾಪ್ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ.

ಮೊದಲು ನರದ ಸ್ಥಿತಿ ತಿಳಿದುಕೊಳ್ಳಬೇಕು. ಲಕ್ವದಲ್ಲಿ ಪೆಟ್ಟು ಬಿದ್ದಿರುವುದು ಮೆದುಳಿಗೆ. ಬೆನ್ನುಹುರಿಯಿಂದ ಕಾಲಿಗೆ ಬರುವ ನರ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ 200ರಿಂದ 300 ಮೈಕ್ರೋಸೆಕೆಂಡಿನ (ಸೆಕೆಂಡಿನ ಸಾವಿರದೊಂದು ಪಾಲಿಗಿಂತಲೂ ಕಡಿಮೆ) ಕರೆಂಟಿನ ಚಿಕ್ಕ ಮಿಡಿತಕ್ಕೂ, ಅಂದರೆ ಪಲ್ಸ್‌ಗೂ ಸ್ನಾಯು ಸ್ಪಂದಿಸುತ್ತದೆ. ಮಂಡಿಯ ಪಕ್ಕದಲ್ಲಿ ಮೂಳೆ ಮುರಿದು, ಪಾದ ಎತ್ತುವ ಸ್ನಾಯುಗಳಿಗೆ ಹೋಗುವ ಪೆರೋನಿಯಲ್ ನರವೇ ಸತ್ತಿದ್ದರೆ, ಇದೇ ಪಲ್ಸನ್ನು ಎಷ್ಟು ಏರಿಸಿದರೂ ಪಾದ ಅಲುಗುವುದಿಲ್ಲ, ಚರ್ಮ ಮಾತ್ರ ಉರಿಯುತ್ತದೆ. ನಮ್ಮ ಸಾಮಾನ್ಯ ಸ್ಟಿಮ್ಯುಲೇಟರ್‌ನಲ್ಲಿ ಚಿಕ್ಕ ಪಲ್ಸ್‌ಗಳ ಫ್ಯಾರಡಿಕ್ ಕರೆಂಟ್‌ಗೆ ಏನೂ ಆಗದೆ, 100 ಮಿಲಿಸೆಕೆಂಡಿನಷ್ಟು ಉದ್ದದ ಗ್ಯಾಲ್ವನಿಕ್ ಪಲ್ಸ್‌ಗೆ ಸ್ನಾಯು ಹುಳು ಹರಿದ ಹಾಗೆ ನಿಧಾನವಾಗಿ ಎದ್ದರೆ ಅದು ನರ ಕಡಿದ ಸ್ನಾಯು. ಅದರ ಚಿಕಿತ್ಸೆಯ ದಾರಿಯೇ ಬೇರೆ.

ಪೇಸ್‌ಮೇಕರ್ ಇದ್ದವರಿಗೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಶಯ ಇದ್ದವರಿಗೆ, ಫಿಟ್ಸ್ ಹತೋಟಿಗೆ ಬಾರದವರಿಗೆ, ಪ್ಯಾಡ್ ಹಚ್ಚುವ ಜಾಗದಲ್ಲಿ ಗಾಯ ಅಥವಾ ಕ್ಯಾನ್ಸರ್ ಇದ್ದವರಿಗೆ ನಾನು ಕೊಡುವುದಿಲ್ಲ. ಮೀನಖಂಡ ಊದಿ ಬಿಸಿಯಾಗಿದ್ದರೆ ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ. ಚರ್ಮಕ್ಕೆ ಚೂಪು, ಮೊಂಡು ಎರಡೂ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸದೆ ಪ್ಯಾಡ್ ಹಚ್ಚಬಾರದು. ಸ್ಪರ್ಶ ಗೊತ್ತಾಗದವರಿಗೆ ಸುಟ್ಟರೂ ತಿಳಿಯುವುದಿಲ್ಲ.

ನಮ್ಮಲ್ಲಿ ಬಹಳ ಸಲ ಕೈಕೊಡುವುದು ಎಣ್ಣೆ. ಬೆಳಿಗ್ಗೆ ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡೇ ಬರುತ್ತಾರೆ. ಜಿಡ್ಡಿನ ಮೇಲೆ ಪ್ಯಾಡ್ ಸರಿಯಾಗಿ ಅಂಟುವುದಿಲ್ಲ. ಅಂಚು ಎದ್ದರೆ ಕರೆಂಟೆಲ್ಲ ಅಂಟಿಕೊಂಡ ಚಿಕ್ಕ ಜಾಗದಲ್ಲೇ ಹಾದು ಚುಚ್ಚುತ್ತದೆ. ರೋಗಿ "ಸಾಕು ಸಾಕು" ಎನ್ನುವುದು ಕರೆಂಟ್ ಜಾಸ್ತಿಯಾಗಿ ಅಲ್ಲ, ಇದಕ್ಕೇ. ಸೋಪಿನಿಂದ ತೊಳೆದು, ಪೂರ್ತಿ ಒರೆಸಿ ಹಚ್ಚುತ್ತೇನೆ. ಎಣ್ಣೆ ಸಂಜೆಗೆ ಇರಲಿ.

ಇನ್ನು ಪ್ಯಾಡಿನ ಜಾಗ. ಫಲಿತಾಂಶದ ಮುಕ್ಕಾಲು ಪಾಲು ನಿಂತಿರುವುದು ಇದರ ಮೇಲೆ ಎಂಬುದು ನನ್ನ ಅಭಿಪ್ರಾಯ. 5 ಸೆಂ.ಮೀ. ಚೌಕದ ಎರಡು ಪ್ಯಾಡ್ ಸಾಕು. ಮಂಡಿಯ ಹೊರಬದಿಯಲ್ಲಿ ಸ್ವಲ್ಪ ಕೆಳಗೆ ಬೆರಳಿಗೆ ಸಿಗುವ ಗುಂಡನೆಯ ಉಬ್ಬು ಫಿಬ್ಯುಲಾ ಮೂಳೆಯ ತಲೆ. ಅದರ ಹಿಂಬದಿಯಿಂದ ಕೆಳಗೆ ಸುತ್ತಿ ಬರುವ ಪೆರೋನಿಯಲ್ ನರದ ಮೇಲೆ ಮೊದಲ ಪ್ಯಾಡ್, ಅದಕ್ಕೆ ನೆಗೆಟಿವ್ ವೈರ್. ಎರಡನೆಯದು ಮಂಡಿಯ ಕೆಳಗೆ ಕಾಲಿನ ಮುಂಭಾಗದಲ್ಲಿರುವ ಮೂಳೆಯ ಅಂಚಿನ ಹೊರಗೆ, ಪಾದ ಎತ್ತುವ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯುವಿನ ತುಂಬಿದ ಭಾಗದ ಮೇಲೆ. ಕರೆಂಟ್ ನಿಧಾನವಾಗಿ ಏರಿಸುತ್ತ ಪಾದವನ್ನೇ ನೋಡಬೇಕು, ಮಷಿನ್ನಿನ ಅಂಕಿಯನ್ನಲ್ಲ. ನೇರ ಮೇಲೆದ್ದು ತುಸು ಹೊರಕ್ಕೆ ವಾಲಿದರೆ ಜಾಗ ಸರಿ. ಅಂಗಾಲು ಒಳಕ್ಕೆ ತಿರುಗಿದರೆ ಹಾಗೆಯೇ ನಡೆಸುವುದು ಅಪಾಯ, ಹಿಮ್ಮಡಿಯ ಗಂಟು ಉಳುಕುತ್ತದೆ. ಕೆಳಗಿನ ಪ್ಯಾಡನ್ನು ಒಂದೆರಡು ಸೆಂ.ಮೀ. ಹೊರಕ್ಕೆ ಸರಿಸುತ್ತೇನೆ. ಎತ್ತುವುದಕ್ಕಿಂತ ಹೊರಕ್ಕೆ ತಿರುಗುವುದೇ ಹೆಚ್ಚಾದರೆ ಮೇಲಿನ ಪ್ಯಾಡನ್ನು ಮುಂದಕ್ಕೆ. ಸರಿಯಾದ ಜಾಗ ಸಿಕ್ಕಮೇಲೆ ಸ್ಕೆಚ್ ಪೆನ್ನಿನಿಂದ ಸುತ್ತ ಗೆರೆ ಎಳೆದು, ಮನೆಯವರ ಫೋನಿನಲ್ಲಿ ಫೋಟೋ ತೆಗೆಸುತ್ತೇನೆ.

ಫ್ರೀಕ್ವೆನ್ಸಿ 30ರಿಂದ 40 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಪಲ್ಸ್. ಅದಕ್ಕಿಂತ ಬಹಳ ಕಡಿಮೆಯಾದರೆ ಸ್ನಾಯು ನಡುಗುತ್ತದೆ, ಬಿಗಿಯಾಗಿ ನಿಲ್ಲುವುದಿಲ್ಲ. ಹೆಚ್ಚಾದರೆ ಬೇಗ ದಣಿಯುತ್ತದೆ. ಮೊದಮೊದಲು 10 ಸೆಕೆಂಡ್ ಕರೆಂಟ್, 30 ಸೆಕೆಂಡ್ ಬಿಡುವು. ಹೊರಗಿನಿಂದ ಕೊಟ್ಟ ಕರೆಂಟಿಗೆ ಬೇಗ ದಣಿಯುವ ನಾರುಗಳೂ ಮೊದಲಿನಿಂದಲೇ ದುಡಿಯುತ್ತವೆ, ಸ್ವಂತ ಚಲನೆಯಲ್ಲಿ ಇರುವಂತೆ ಸರದಿ ಬದಲಾಯಿಸುವುದಿಲ್ಲ. ಅದಕ್ಕೇ ಇಷ್ಟು ಬಿಡುವು. ಹತ್ತು ನಿಮಿಷದಿಂದ ಶುರುಮಾಡಿ, ಪಾದ ಏಳುವ ಎತ್ತರ ಕಡಿಮೆಯಾಗದಿದ್ದರೆ ಮಾತ್ರ 20–30 ನಿಮಿಷಕ್ಕೆ ಒಯ್ಯುತ್ತೇನೆ. ಎತ್ತರ ಅರ್ಧಕ್ಕಿಳಿದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸುವುದು; ಕರೆಂಟ್ ಏರಿಸಿ ಎಳೆಯಬಾರದು.

ಮೀನಖಂಡ ಬಿಗಿ ಇರುವವರಿಗೆ ಮೊದಲೇ ಐದು ನಿಮಿಷ ನಿಧಾನವಾಗಿ ಹಿಗ್ಗಿಸಿ, ಕರೆಂಟ್ ಏರುವ ಸಮಯವನ್ನು 3 ಸೆಕೆಂಡಿಗೆ ಇಡುತ್ತೇನೆ. ಒಮ್ಮೆಲೇ ಏರಿದರೆ ಮೀನಖಂಡ ಥಟ್ಟನೆ ಎಳೆದು ಪಾದ ಪಟಪಟ ಬಡಿಯತೊಡಗುತ್ತದೆ.

ಏರುವ ಆ ಮೂರು ಸೆಕೆಂಡಿನಲ್ಲೇ "ಅಜ್ಜಾ, ಈಗ ಎತ್ತಿ, ಎತ್ತಿ, ಹಾಗೇ ಹಿಡೀರಿ" ಎನ್ನುತ್ತೇನೆ. ರೋಗಿ ಕುರ್ಚಿಯಲ್ಲಿ ಕೂತು ತನ್ನ ಪಾದ ನೋಡುತ್ತಿರಬೇಕು. ಸ್ವಂತ ಬಲ ಚಿಗುರಿದ ಮೇಲೆ ಕರೆಂಟನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಕೊರತೆಯಷ್ಟನ್ನು ಅವರೇ ತುಂಬುವಂತೆ ಮಾಡುತ್ತೇನೆ.

ನಡಿಗೆಗೆ ಹಿಮ್ಮಡಿ ಸ್ವಿಚ್, ಅಂದರೆ ಪಾದರಕ್ಷೆಯಲ್ಲಿ ಹಿಮ್ಮಡಿಯ ಕೆಳಗೆ ಇಡುವ ಸ್ವಿಚ್. 1961ರಲ್ಲಿ ಲಿಬರ್ಸನ್ ಎಂಬ ವೈದ್ಯರು ಮತ್ತು ಸಂಗಡಿಗರು ತೋರಿಸಿದ ವಿಧಾನವೇ ಇಂದಿಗೂ ಬುನಾದಿ: ಹಿಮ್ಮಡಿ ಎದ್ದಾಗ ಕರೆಂಟ್ ಹರಿಯುತ್ತದೆ, ನೆಲಕ್ಕೆ ತಾಗಿದಾಗ ನಿಲ್ಲುತ್ತದೆ. ತಾಗಿದ ತಕ್ಷಣ ನಿಂತರೆ ಪಾದ ಟಪ್ಪೆಂದು ನೆಲಕ್ಕೆ ಬಡಿಯುತ್ತದೆ, ಹಾಗಾಗಿ ಸೆಕೆಂಡಿನ ಕಾಲುಭಾಗದಷ್ಟು ಮುಂದುವರಿಸುತ್ತೇನೆ. ಹವಾಯಿ ಚಪ್ಪಲಿಯಲ್ಲಿ ಸ್ವಿಚ್ ಜಾರುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ ಬೇಕು. ಸ್ವಿಚ್ ಸರಿದು ಹೆಜ್ಜೆ ಇಡುವ ಹೊತ್ತಿಗೆ ಕರೆಂಟ್ ಬಾರದೇ ಹೋದರೆ ಬೆರಳು ಸಿಕ್ಕಿ ಬೀಳುತ್ತಾರೆ. ಅದಕ್ಕಾಗಿ ಮೊದಲ ವಾರಗಳಲ್ಲಿ ಪಕ್ಕದಲ್ಲಿ ಒಬ್ಬರು ಇಲ್ಲದೆ ನಡೆಸುವುದಿಲ್ಲ, ಮಷಿನ್ ಇಲ್ಲದ ಹೊತ್ತಿಗೆ ಪಾದ ಎತ್ತಿಹಿಡಿಯುವ ಸ್ಪ್ಲಿಂಟನ್ನೂ ಬಿಡಿಸುವುದಿಲ್ಲ.