ಗೆಡ್ಡೆ ತೂಗುಹಾಕಿ ನೊಣ ಪಡೆದದ್ದು: ಕ್ರೀಟ್ ದ್ವೀಪದಲ್ಲಿ ನನ್ನ ಅನುಭವ

ಗ್ರೀಸ್‌ನ ಕ್ರೀಟ್ ದ್ವೀಪದ ನಮ್ಮ ಮೆರೋಡಾನ್ (ಮರಿಹುಳು ಗೆಡ್ಡೆಯೊಳಗೆ ಬೆಳೆಯುವ ಒಂದು ನೊಣದ ಕುಲ) ಹೊಸ ಪ್ರಭೇದವೇ ಎಂದು ಕೊನೆಗೂ ರಿವ್ಯೂವರ್‌ಗಳು ಒಪ್ಪಿದ್ದಾರೆ. ಪೇಪರ್ ಹೊರಬರುವ ತನಕ ಹೆಸರನ್ನು ಬರೆಯುವ ಹಾಗಿಲ್ಲ. ಆದರೆ ವಿಧಾನದ ಬಗ್ಗೆ ಬರೆಯಬಹುದಲ್ವಾ? ಗೆಡ್ಡೆಯನ್ನು ಪರದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೊಣ ತೆಗೀತೀನಿ ಅಂದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ನಂಬಿರಲಿಲ್ಲ. ಈಗ ಅದೇ ಚೀಲಗಳಿಂದ ಬಂದ ನೊಣಗಳು ಪ್ಯಾರಾಟೈಪ್ (ಹೊಸ ಪ್ರಭೇದದ ವಿವರಣೆಗೆ ಆಧಾರವಾಗಿ ಹೆಸರಿಸುವ ಮಾದರಿಗಳು) ಆಗಿ ಕೂತಿವೆ.

ಮೊದಲು ಎಲ್ಲರೂ ಹೋಗುವ ದಾರಿಯಲ್ಲೇ ಹೋದೆವು, ದುಡ್ಡು ಸುರಿದದ್ದೂ ಅಲ್ಲೇ. ಮಲೇಸ್ ಬಲೆ, ಅಂದರೆ ಹಾರುವ ಕೀಟಗಳನ್ನು ಬಾಟಲಿಗೆ ಇಳಿಸುವ ಡೇರೆಯಂಥ ಬಲೆ, ಒಂದಕ್ಕೆ ಹತ್ತಿರಹತ್ತಿರ 200 ಯೂರೋ. ದ್ವೀಪದ ದಕ್ಷಿಣದ ಬೆಟ್ಟದಲ್ಲಿ ಎರಡನ್ನು ಕಟ್ಟಿದೆವು. ಒಂದೇ ವಾರದಲ್ಲಿ ಆಡುಗಳು ಒಂದರ ಬಟ್ಟೆಯನ್ನು ಚಿಂದಿ ಮಾಡಿದವು, ಇನ್ನೊಂದರ ಬಾಟಲಿಯೊಳಗೆ ಪೂರ್ತಿ ಕಣಜಗಳು. ಮೆರೋಡಾನ್ ಗಂಡು ನೆಲಕ್ಕೆ ಒಂದು ಗೇಣು ಮೇಲೆ, ಕಲ್ಲಿನಿಂದ ಕಲ್ಲಿಗೆ ಹಾರುವಂಥದ್ದು. ಬಲೆಯ ಗೋಡೆಗೆ ಬಂದು ತಾಗುವುದೇ ಕಡಿಮೆ. ಕೈಬಲೆಯಲ್ಲಿ ಗಂಡುಗಳೇನೋ ಸಿಕ್ಕವು. ಆದರೆ ಹೆಣ್ಣು ಸಿಕ್ಕಾಗ ಅದು ನಮ್ಮ ಗಂಡಿನ ಜೋಡಿಯೋ, ಅಲ್ಲೇ ಹಾರಾಡುವ ಅಕ್ಕಪಕ್ಕದ ಪ್ರಭೇದದ್ದೋ ಹೇಳಲು ಆಗುತ್ತಿರಲಿಲ್ಲ.

ಆಮೇಲೆ ಡಿಎನ್‌ಎ. ಒಂದು ಸ್ಯಾಂಪಲ್‌ಗೆ ಎರಡೂ ಕಡೆಯಿಂದ ಓದಿಸಿದರೆ ಸುಮಾರು 10 ಯೂರೋ ಆಗುತ್ತಿತ್ತು. ಒಂದು ಲ್ಯಾಬ್‌ಗೆ ಕಳಿಸಿದ ಇಡೀ ಪ್ಲೇಟ್ ದಾರಿಯಲ್ಲಿ ಬಿಸಿಲು ಕಂಡು ಹಾಳಾಯಿತು, ದುಡ್ಡು ವಾಪಸ್ ಬರಲಿಲ್ಲ. ಎರಡನೇ ಸಲ ಸಿಒಐನ (ಪ್ರಭೇದ ಗುರುತಿಸಲು ಎಲ್ಲರೂ ಓದಿಸುವ ಜೀನ್) 658 ಬೇಸ್, ಅಂದರೆ ಡಿಎನ್‌ಎ ಅಕ್ಷರಗಳು, ಚೆನ್ನಾಗಿ ಬಂತು. ಬಂದದ್ದು ನೋಡಿದರೆ ನಮ್ಮ ದ್ವೀಪದ ನೊಣಗಳು ಗ್ರೀಸ್ ಮುಖ್ಯಭೂಮಿಯ ನೊಣಗಳ ನಡುವೆಯೇ ಕಲಸಿಹೋಗಿವೆ. ವ್ಯತ್ಯಾಸ ಅರ್ಧ ಪರ್ಸೆಂಟೂ ಇಲ್ಲ. 'ಇದು ಬರೀ ದ್ವೀಪದ ಬಣ್ಣಭೇದ, ಬಿಟ್ಟುಬಿಡಿ' ಎಂದರು ಹಿರಿಯರು. ನನಗೆ ಬಿಡಲು ಮನಸ್ಸಾಗಲಿಲ್ಲ. ಮೆರೋಡಾನ್‌ನಲ್ಲಿ ಸಿಒಐ ಹಂಚಿಕೊಂಡೂ ಬೇರೆಯಾಗಿರುವ ಪ್ರಭೇದಗಳು ಇವೆಯಲ್ಲ! ಅದೂ ಅಲ್ಲದೆ ಗಂಡಿನ ಸರ್‌ಸ್ಟೈಲಸ್ (ಜನನಾಂಗದ ಒಂದು ಭಾಗ) ನಾನು ಕಣ್ಣಾರೆ ನೋಡಿದ್ದೆ. ಹಿಂದಿನ ಹಾಲೆ ಮುಖ್ಯಭೂಮಿಯದರಲ್ಲಿ ಅಗಲವಾಗಿ, ತುದಿ ದುಂಡಗೆ ಇರುತ್ತದೆ. ನಮ್ಮದರಲ್ಲಿ ಕಿರಿದಾಗಿ, ಒಳಕ್ಕೆ ಸ್ವಲ್ಪ ಬಾಗಿದೆ. ಗ್ಲಿಸರಿನ್‌ನಲ್ಲಿ ತಿರುಗಿಸಿ ಪಕ್ಕದಿಂದ ನೋಡಿದರೆ ಆ ಬಾಗು ಎದ್ದು ಕಾಣುತ್ತದೆ. ಒಂದು ಗಂಡಿನಲ್ಲೂ ತಪ್ಪಿಲ್ಲ.

ಉಪಾಯ ಹೊಳೆದದ್ದು ಕ್ರೀಟ್‌ನವರ ಮನೆಬಾಗಿಲಲ್ಲಿ. ಹೊಸ ವರ್ಷಕ್ಕೆ ಅಲ್ಲಿಯವರು ಅಸ್ಕೆಲೆಟೂರಾ, ಅಂದರೆ ಡ್ರಿಮಿಯಾ ಮರಿಟಿಮಾ ಗೆಡ್ಡೆಯನ್ನು ಬೇರುಸಮೇತ ಕಿತ್ತು ಬಾಗಿಲಿಗೆ ತೂಗುಹಾಕುತ್ತಾರೆ. ನಮ್ಮ ಕಾಡೀರುಳ್ಳಿಯ ಹತ್ತಿರದ ನೆಂಟ ಇದು. ಮಣ್ಣಿಲ್ಲದೆಯೂ ಇದು ಚಿಗುರುತ್ತದೆ, ಅದಕ್ಕೇ ಅಲ್ಲಿ ಇದು ಶುಭ. ಗೆಡ್ಡೆ ನೇತಾಡಿಕೊಂಡೇ ತಿಂಗಳುಗಟ್ಟಲೆ ಬದುಕುತ್ತದೆ ಅಂದಮೇಲೆ ಅದರೊಳಗಿನ ಹುಳು ಯಾಕೆ ಬದುಕಬಾರದು? ಕುಂಡದಲ್ಲಿಟ್ಟ ಗೆಡ್ಡೆಗಳು ನಮ್ಮಲ್ಲಿ ಪ್ರತಿ ವರ್ಷ ಬೂಸ್ಟು ಹಿಡಿದು ಕೊಳೆಯುತ್ತಿದ್ದವು. ಗಾಳಿಯಲ್ಲಿ ತೂಗಿದ್ದು ಕೊಳೆಯಲ್ಲ.

ಪರವಾನಗಿ ಪಡೆದು ಗೆಡ್ಡೆ ಅಗೆದೆವು. ಹುಳು ಹೊಕ್ಕ ಗೆಡ್ಡೆಯ ಕುತ್ತಿಗೆ ಒತ್ತಿದರೆ ಮೆತ್ತಗಿರುತ್ತದೆ, ಬುಡದ ತಟ್ಟೆಯ ಹತ್ತಿರ ಕಂದು ಪುಡಿ ಕಾಣುತ್ತದೆ, ಮೂಗಿನ ಹತ್ತಿರ ತಂದರೆ ಹುಳಿವಾಸನೆ. ಕೈಗವಸು ಕಡ್ಡಾಯ, ಅದರ ರಸ ತಾಗಿದರೆ ಚರ್ಮ ಉರಿದು ಬೊಕ್ಕೆ ಏಳುತ್ತದೆ. ಒಂದೊಂದು ಗೆಡ್ಡೆ ಒಂದು ಕಿಲೋ ಮೇಲೆಯೇ ತೂಗುತ್ತಿತ್ತು. ಕ್ರೀಟ್‌ನ ಇರಾಕ್ಲಿಯೋ ಪಟ್ಟಣದ ಬಟ್ಟೆ ಅಂಗಡಿಯಲ್ಲಿ ಮದುಮಗಳ ಮುಸುಕಿನ ನೆಟ್ ಮೀಟರಿಗೆ ಒಂದೂವರೆ ಯೂರೋಗೆ ಸಿಕ್ಕಿತು. ಅದರಲ್ಲೇ ಚೀಲ ಹೊಲಿಸಿದೆವು. ಹುಳು ಗೆಡ್ಡೆ ಬಿಟ್ಟು ಮಣ್ಣಿಗಿಳಿದು ಪ್ಯೂಪಾ (ನೊಣವಾಗುವ ಮುಂಚಿನ ಕೋಶ) ಆಗುತ್ತದೆಂದು ಚೀಲದ ತಳಕ್ಕೆ ನಾಲ್ಕು ಬೆರಳು ಮರಳು ಹಾಕಿದೆವು. ಮರಳಿಗೆ ನೀರು ಯಾವಾಗ, ಎಷ್ಟು ಅನ್ನೋದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಎರಡು ಚಳಿಗಾಲ ಹಿಡಿದಿದೆ.

ಮೊದಲ ವರ್ಷ ಬಂದದ್ದು ಬೆರಳೆಣಿಕೆಯಷ್ಟು. ಇರುವೆಗಳು ಹಗ್ಗದ ಮೇಲಿಂದ ಇಳಿದು ಪ್ಯೂಪಾ ತಿಂದವು, ಆಮೇಲೆ ಹಗ್ಗಕ್ಕೆ ಗ್ರೀಸ್ ಬಳಿದೆವು. ಮುಂದಿನ ವರ್ಷ 60-70 ಗೆಡ್ಡೆಗಳಿಂದ ನೂರರ ಹತ್ತಿರ ನೊಣಗಳು ಬಂದವು. ಒಂದೇ ಗೆಡ್ಡೆಯಿಂದ ಗಂಡು, ಹೆಣ್ಣು ಎರಡೂ! ಹೆಣ್ಣಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ರೆಕ್ಕೆ ಹರಿಯದ, ಕೂದಲು ಉದುರದ ಇಷ್ಟು ತಾಜಾ ಸರಣಿ ನಮ್ಮಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಪ್ರಭೇದ ಬೇರೆಯೇ ಎಂದು ತೋರಿಸಲು ರೆಕ್ಕೆಯ ಆಕಾರ ಅಳೆಯುವ ಕೆಲಸಕ್ಕೆ ಖರ್ಚೇ ಇಲ್ಲ. ಬಲ ರೆಕ್ಕೆ ತೆಗೆದು ಸ್ಲೈಡಿಗೆ ಹಾಕಿ, ಫೋಟೋ ತೆಗೆದು, ಟಿಪಿಎಸ್‌ಡಿಗ್ ಎಂಬ ಸಾಫ್ಟ್‌ವೇರ್‌ನಲ್ಲಿ ನಾಳಗಳು ಕೂಡುವ 11 ಕಡೆ ಚುಕ್ಕಿ ಇಟ್ಟರಾಯಿತು, ಉಳಿದದ್ದನ್ನು ಆಕಾರ ಹೋಲಿಸುವ ಮಾರ್ಫೋಜೆ ಸಾಫ್ಟ್‌ವೇರ್ ಮಾಡುತ್ತದೆ. ಎರಡೂ ಪುಕ್ಕಟೆ. ದ್ವೀಪ, ಮುಖ್ಯಭೂಮಿ ಎರಡೂ ಬೇರೆಬೇರೆ ಗುಂಪಾದವು, 90 ಪರ್ಸೆಂಟ್‌ಗಿಂತ ಜಾಸ್ತಿ ರೆಕ್ಕೆಗಳು ತಮ್ಮ ಗುಂಪಿಗೇ ಬಿದ್ದವು. ಆಗ ಒಬ್ಬ ರಿವ್ಯೂವರ್ ತಕರಾರು ತೆಗೆದರು: ಸಾಕಿದ ನೊಣದ ರೆಕ್ಕೆಯ ಆಕಾರ ಆಹಾರದಿಂದಲೂ ಬದಲಾಗಬಹುದಲ್ಲ? ನ್ಯಾಯವಾದ ಪ್ರಶ್ನೆಯೇ. ಅದು ಬರುತ್ತದೆಂದು ಗೊತ್ತಿದ್ದೇ ಮುಖ್ಯಭೂಮಿಯ ಕಡೆಯ ಪೆಲೊಪೊನೀಸ್‌ನ ಗೆಡ್ಡೆಗಳನ್ನೂ ಅದೇ ಸೂರಿನ ಕೆಳಗೆ, ಅದೇ ಮರಳಿನಲ್ಲಿ ತೂಗುಹಾಕಿದ್ದೆ. ಅವು ಮುಖ್ಯಭೂಮಿಯ ಗುಂಪಿಗೇ ಹೋದವು. ಬಯಲಲ್ಲಿ ಹಿಡಿದ ಕ್ರೀಟ್ ಗಂಡುಗಳು ನಮ್ಮ ಸಾಕಿದವುಗಳ ಜೊತೆ ಸೇರಿದವು. ಎರಡನೇ ಸುತ್ತಿನಲ್ಲಿ ಆ ತಕರಾರು ಬರಲೇ ಇಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಚಿಕ್ಕ ಹುಳುಗಳಿಗೆ ಮಾರ್ಕೆಟ್ಟಿನ ಈರುಳ್ಳಿ ಕೊಟ್ಟೆ. ಕೊರೆದು ಒಳಗೆ ಹೋದವು, ಬೆಳೆಯಲಿಲ್ಲ, ಸತ್ತವು. ಮಸ್ಕಾರಿ ಎಂಬ ಹೂಗಿಡದ ಗೆಡ್ಡೆಯಲ್ಲಿ ಒಂದೆರಡು ಪ್ಯೂಪಾ ತನಕ ಹೋದವು, ಹಾರಲಿಲ್ಲ. ಪೇಪರಿನಲ್ಲಿ ಇದಕ್ಕೆ ಒಂದೇ ಸಾಲು ಸಿಕ್ಕಿದ್ದು. ನನ್ನ ಮಟ್ಟಿಗೆ ಇದರ ಮೇಲೆ ಇನ್ನೊಂದು ಪೇಪರ್ ಮಾಡಬಹುದು.

ಇನ್ನೊಂದು ಮಾತು. ಮೆಡಿಟರೇನಿಯನ್ ದ್ವೀಪದ ಜೀವಿ ಅಂದಕೂಡಲೇ ಸಮುದ್ರ ಬತ್ತಿದ ಮೆಸ್ಸೀನಿಯನ್ ಕಾಲ, ಅಂದರೆ ಸುಮಾರು 53 ಲಕ್ಷ ವರ್ಷದ ಹಿಂದಿನ ಕಥೆಯನ್ನು ಹಚ್ಚುವುದು ರೂಢಿಯಾಗಿದೆ. ನಮ್ಮ ಸಹಲೇಖಕರೂ ಬರೆದಿದ್ದರು, ನಾನು ತೆಗೆಸಿದೆ. ಸಿಒಐನಲ್ಲಿ ಇಷ್ಟು ಕಡಿಮೆ ವ್ಯತ್ಯಾಸ ಇಟ್ಟುಕೊಂಡು ಅಷ್ಟು ಹಿಂದೆ ಹೋಗಲು ಬರುವುದಿಲ್ಲ. ಇದು ತೀರಾ ಇತ್ತೀಚಿನ ಬೇರ್ಪಡೆ.

ವಿವರಣೆ ಬರೆಯುವ ಭಾಗ ಬೇಗ ಮುಗಿಯಿತು. ಹೋಲೋಟೈಪ್‌ಗೆ, ಅಂದರೆ ಹೆಸರು ಅಂಟಿಕೊಳ್ಳುವ ಆ ಒಂದೇ ಮಾದರಿಗೆ, ಬಯಲಲ್ಲಿ ಹಿಡಿದ ಗಂಡನ್ನೇ ಆರಿಸಿದೆ, ಸಾಕಿದ್ದನ್ನಲ್ಲ. ನಾಳೆ ಯಾರೂ ಬೆರಳು ತೋರಿಸಬಾರದು. ಮಧ್ಯದ ಕಾಲು ಡಿಎನ್‌ಎಗೆ, ಜನನಾಂಗ ಅದೇ ಸೂಜಿಯ ಕೆಳಗೆ ಗ್ಲಿಸರಿನ್ ಸೀಸೆಯಲ್ಲಿ, ಖಾಲಿ ಪ್ಯೂಪಾ ಚಿಪ್ಪೂ ಅದರದರ ಪ್ಯಾರಾಟೈಪ್ ಜೊತೆಗೇ. ಟೈಪ್‌ಗಳು ಕ್ರೀಟ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋಗುತ್ತವೆ. ಝೂಬ್ಯಾಂಕ್ (ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆ) ನೋಂದಣಿಯನ್ನು ಮಾತ್ರ ನೀವೇ ಮಾಡಿಸಿ, ಪತ್ರಿಕೆಯವರು ಮಾಡ್ತಾರೆ ಅಂತ ಕೂರಬೇಡಿ. ಪೇಪರ್ ಬರೀ ಆನ್‌ಲೈನ್‌ನಲ್ಲಿ ಬಂದು ಒಳಗೆ ಆ ನೋಂದಣಿ ಇಲ್ಲದಿದ್ದರೆ 2012ರಿಂದೀಚೆಗೆ ಆ ಹೆಸರು ನಿಲ್ಲುವುದಿಲ್ಲ. ಪ್ರಭೇದ ಸಿಗುವ ಕಣಿವೆಯ ಹೆಸರನ್ನು ನಾನು ಬಾಯಿಬಿಡುವುದಿಲ್ಲ, ಗೆಡ್ಡೆ ಕೀಳುವವರು ಈಗಾಗಲೇ ಜಾಸ್ತಿ ಇದ್ದಾರೆ.

ಲೆಕ್ಕ ಹೀಗಿದೆ: ಬಲೆ, ಸೀಕ್ವೆನ್ಸಿಂಗ್ ಸೇರಿ ಒಂದೂವರೆ ಸಾವಿರ ಯೂರೋ ಮೇಲೆ ಹೋಯಿತು. ಉತ್ತರ ಕೊಟ್ಟದ್ದು ನೆಟ್ ಬಟ್ಟೆ, ಮರಳು, ಹಗ್ಗ, ಗ್ರೀಸ್. ಎಲ್ಲ ಸೇರಿ 150 ದಾಟಿಲ್ಲ.

ಊರಿನ ಗೆಳೆಯರಿಗೆ ಒಂದು ಕೋರಿಕೆ. ನಮ್ಮಲ್ಲೂ ಗೆಡ್ಡೆ ಕೊರೆಯುವ ಯೂಮೆರಸ್ ನೊಣಗಳಿವೆ, ಕಾಡೀರುಳ್ಳಿಯೂ ಇದೆ. ಬೇಸಿಗೆಯಲ್ಲಿ ಎಲೆಯಿಲ್ಲದೆ ಹೂದಂಟು ಎದ್ದಾಗ ಗುರುತು ಮಾಡಿಟ್ಟುಕೊಳ್ಳಿ, ಪರವಾನಗಿ ಪಡೆದು ಹತ್ತು ಗೆಡ್ಡೆ ತೂಗುಹಾಕಿ. ನಾನು ಡಿಸೆಂಬರ್‌ನಲ್ಲಿ ಬರುತ್ತೇನೆ, ಚೀಲದ ಬಟ್ಟೆ ಜೊತೆಗೇ ತರುತ್ತೇನೆ.