ಕೋಟಿ ದಾಟಿದ ದಿನ ಮೊತ್ತದಲ್ಲಿ ನುಸುಳಿದ ‘ಇ’

ಗಂಗಾವತಿಯ ಒಂದು ರೈಸ್ ಮಿಲ್‌ಗೆ ನಾನು ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಭತ್ತದ ತೂಕದ ಚೀಟಿ, ಖರೀದಿ ಲೆಕ್ಕ, ಅಷ್ಟೇ. ಚೆನ್ನಾಗಿಯೇ ನಡೀತಿತ್ತು. ಸುಗ್ಗಿ ಜೋರಾಗಿದ್ದ ಒಂದು ಸಂಜೆ ಗುಮಾಸ್ತರು ಫೋನ್ ಮಾಡಿದರು.

“ತಮ್ಮಾ, ನಿನ್ನೆ ತನಕ ತೊಂಬತ್ತೆಂಟು ಲಕ್ಷ ಚಿಲ್ಲರೆ ತೋರಸ್ತಿತ್ತು. ಇವತ್ತು ಒಂದು ರೂಪಾಯಿ ತೋರಸಾಕತ್ತೈತಿ. ಹಿಂದ ಒಂದು ಇಂಗ್ಲಿಷ್ ಅಕ್ಷರ ಬ್ಯಾರೆ ಐತಿ. ಉಳಿದ ರೊಕ್ಕ ಎಲ್ಲಿ ಹೋತು?”

ಹೋಗಿ ನೋಡಿದೆ. ಪರದೆ ಮೇಲೆ 1.028435ಇ7 ಅಂತ ಇತ್ತು. ರೊಕ್ಕ ಎಲ್ಲೂ ಹೋಗಿರಲಿಲ್ಲ. ‘ಇ7’ ಅಂದ್ರೆ ಮುಂದಿನ ಸಂಖ್ಯೆಯನ್ನು ಹತ್ತರ ಏಳನೇ ಘಾತದಿಂದ ಗುಣಿಸು ಅಂತ. ಒಟ್ಟು ಖರೀದಿ 1,02,84,350 ರೂಪಾಯಿ ಆಗಿತ್ತು. ಜಾವಾದಲ್ಲಿ ಡಬಲ್ (ದಶಾಂಶ ಇಡುವ ಬಗೆಯ) ಸಂಖ್ಯೆಯನ್ನು ಹಾಗೇ ಸ್ಟ್ರಿಂಗ್, ಅಂದ್ರೆ ಅಕ್ಷರಗಳ ಸಾಲು, ಮಾಡಿದರೆ, ಹತ್ತರ ಏಳನೇ ಘಾತದವರೆಗೆ ಮಾಮೂಲಿ ರೂಪದಲ್ಲಿ ಬರುತ್ತದೆ. ಅಲ್ಲಿಂದ ಮೇಲೆ ವಿಜ್ಞಾನದ ಪುಸ್ತಕದ ರೂಪಕ್ಕೆ ಜಿಗಿಯುತ್ತದೆ. ಹತ್ತರ ಏಳನೇ ಘಾತ ಅಂದ್ರೆ ಸರಿಯಾಗಿ ಒಂದು ಕೋಟಿ! ಜಾವಾ ಮಾಡಿದವರಿಗೆ ನಮ್ಮ ಕೋಟಿಯ ನೆನಪೇನೂ ಇದ್ದಿರಲಿಕ್ಕಿಲ್ಲ. ಆದರೂ ಗಡಿ ಬಿದ್ದಿದ್ದು ಅಲ್ಲೇ.

ನಿಜ ಹೇಳಬೇಕೆಂದರೆ ಸುಳಿವು ಮೊದಲೇ ಇತ್ತು. ಹಿಂದಿನ ದಿನದ ಮೊತ್ತ 9876500.0 ಅಂತ ಬರುತ್ತಿತ್ತು. ಆ ಕೊನೆಯ ಸೊನ್ನೆ ಎಲ್ಲರಿಗೂ ರೂಢಿಯಾಗಿತ್ತು, ನನಗೂ.

ಜಾವಾ ಟೈಪ್ ವಿಷಯದಲ್ಲಿ, ಅಂದ್ರೆ ಎಲ್ಲಿ ಯಾವ ಬಗೆಯ ಮಾಹಿತಿ ಇರಬೇಕು ಅನ್ನೋದರಲ್ಲಿ, ಕಟ್ಟುನಿಟ್ಟು. ಪೂರ್ಣಾಂಕದ ವೇರಿಯಬಲ್‌ಗೆ ಸ್ಟ್ರಿಂಗ್ ಹಾಕಲು ಹೋದರೆ, ಪ್ರೋಗ್ರಾಂ ಓಡುವ ಮೊದಲೇ ಪರೀಕ್ಷಿಸುವ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಆದರೆ ಸಂಖ್ಯೆ ಸ್ಟ್ರಿಂಗ್ ಆಗಲು ಹೊರಟರೆ? ನಡುವೆ ಒಂದು ಪ್ಲಸ್ ಚಿಹ್ನೆ ಇದ್ದರೆ ಸಾಕು, ಸುಮ್ನೆ ಒಳಗೆ ಬಿಡುತ್ತದೆ. ಕಾವಲುಗಾರ ನಿದ್ದೆ ಹೋಗೋದು ಇಂಥ ಬಾಗಿಲಲ್ಲಿ. ನಾನು ಎಡವಿದ್ದು ಹೆಚ್ಚಾಗಿ ಅಲ್ಲೇ.

ಮೊದಲ ವಾರದ ಕಥೆ ಕೇಳಿ. ಒಬ್ಬ ರೈತರು ಎರಡು ಟ್ರ್ಯಾಕ್ಟರ್‌ನಲ್ಲಿ ಭತ್ತ ತಂದಿದ್ದರು, ಒಂದರಲ್ಲಿ 40 ಚೀಲ, ಇನ್ನೊಂದರಲ್ಲಿ 25. ನಾನು “ಚೀಲ: ” ಅನ್ನೋ ಸ್ಟ್ರಿಂಗ್‌ಗೆ ಮೊದಲ ಸಂಖ್ಯೆ ಪ್ಲಸ್ ಎರಡನೇ ಸಂಖ್ಯೆ ಅಂತ ಬರೆದಿದ್ದೆ. ಚೀಟಿಯಲ್ಲಿ ‘ಚೀಲ: 4025’ ಅಂತ ಬಂತು. ಜಾವಾ ಎಡದಿಂದ ಬಲಕ್ಕೆ ಹೋಗುತ್ತದೆ. ಮೊದಲಿಗೆ ಸ್ಟ್ರಿಂಗ್ ಸಿಕ್ಕರೆ ಆಮೇಲಿನ ಪ್ಲಸ್ ಎಲ್ಲಾ ಅಂಟಿಸುವ ಪ್ಲಸ್, ಕೂಡಿಸುವ ಪ್ಲಸ್ ಅಲ್ಲ. ಎರಡು ಸಂಖ್ಯೆಗೆ ಆವರಣ ಹಾಕಿದೆ, 65 ಬಂತು. ಹಮಾಲರು ಮಾತ್ರ ಆ ಚೀಟಿ ಹಿಡಿದು ಸಂಜೆ ತನಕ ನಕ್ಕರು.

ಗೋದಾಮಿನ ಗುರುತಿನಲ್ಲಿ ಇದರ ಉಲ್ಟಾ ಆಯಿತು. ಬ್ಲಾಕ್ ‘ಎ’, ಸಾಲು ‘1’, ಎರಡನ್ನೂ ಕ್ಯಾರೆಕ್ಟರ್ (ಒಂದೇ ಅಕ್ಷರದ) ಟೈಪಿನಲ್ಲಿ ಇಟ್ಟಿದ್ದೆ. ಸೇರಿಸಿದರೆ ‘ಎ1’ ಬರಬೇಕು ಅಲ್ವಾ? 114 ಬಂತು. ಕ್ಯಾರೆಕ್ಟರ್ ಒಳಗಡೆ ಸಂಖ್ಯೆಯೇ. ಇಂಗ್ಲಿಷಿನ ದೊಡ್ಡ ‘ಎ’ಗೆ 65, ‘1’ ಅನ್ನೋ ಅಕ್ಷರಕ್ಕೆ 49. ಇಲ್ಲಿ ಸ್ಟ್ರಿಂಗ್ ಒಂದೂ ಇಲ್ಲದ್ದರಿಂದ ಕೂಡಿಸಿಬಿಟ್ಟಿತು. ಮೊದಲಿಗೆ ಒಂದು ಖಾಲಿ ಸ್ಟ್ರಿಂಗ್ ಇಟ್ಟರೆ ಸರಿಹೋಗುತ್ತದೆ. ನೋಡೋಕೆ ಚೆಂದ ಅಲ್ಲ, ಹಾಗಾಗಿ ನಾನು ಸ್ಟ್ರಿಂಗ್ ಮಾಡಿಕೊಡುವ ಸ್ಟ್ರಿಂಗ್.ವ್ಯಾಲ್ಯೂಆಫ್ ಬಳಸುತ್ತೇನೆ.

ಇನ್ನು ಲಾರಿ ನಂಬರ್. ಕೆಎ 37 ಆದಮೇಲೆ ಬರುವ ನಾಲ್ಕು ಅಂಕಿಯನ್ನು ಪೂರ್ಣಾಂಕವಾಗಿ ಇಟ್ಟಿದ್ದೆ. 0412 ಹೋಗಿ 412 ಆಯಿತು. ನಾಲ್ಕು ಅಂಕಿಗೆ ಸೊನ್ನೆ ತುಂಬಿಸಿ ಫಾರ್ಮ್ಯಾಟ್ ಮಾಡಬಹುದಿತ್ತು. ಆದರೆ ಲಾರಿ ನಂಬರನ್ನು ಯಾರೂ ಕೂಡಿಸಿ ಕಳೆಯೋದಿಲ್ಲ. ಅದನ್ನು ಮೊದಲಿಂದಲೇ ಸ್ಟ್ರಿಂಗ್ ಆಗಿ ಇಡಬೇಕಿತ್ತು, ಈಗ ಹಾಗೇ ಇಟ್ಟಿದ್ದೇನೆ.

ಕೋಟಿಯ ವಿಷಯಕ್ಕೆ ವಾಪಸ್ ಬರೋಣ. ಮೊದಲ ಮದ್ದು, ಸಂಖ್ಯೆಯನ್ನು ಬೇಕಾದ ರೂಪದಲ್ಲಿ ಬರೆದುಕೊಡುವ ಸ್ಟ್ರಿಂಗ್.ಫಾರ್ಮ್ಯಾಟ್. ದಶಾಂಶದ ನಂತರ ಎರಡೇ ಅಂಕಿ ಅಂತ ಹೇಳಿದರೆ ‘ಇ’ ಮಾಯ. ತೇವದ ಕಡಿತ 1.1 ಕೆಜಿ ಮತ್ತು 2.2 ಕೆಜಿ ಕೂಡಿಸಿದಾಗ ಬರುತ್ತಿದ್ದ 3.3000000000000003 ಕೂಡ 3.30 ಆಯಿತು. ಆದರೆ ಅದು ಮೇಲೆ ಬಳಿದ ಸುಣ್ಣ. ಒಳಗಿನ ಸಂಖ್ಯೆ ಹಾಗೇ ಇರುತ್ತದೆ. ಇನ್ನೊಂದು ಕಡೆ ನಾನು ಅದೇ ಕೆಲಸ ಮಾಡುವ ಡೆಸಿಮಲ್‌ಫಾರ್ಮ್ಯಾಟ್ ಬಳಸಿದ್ದೆ. ಅದೇ 0.125 ಒಂದು ಚೀಟಿಯಲ್ಲಿ 0.13, ಇನ್ನೊಂದರಲ್ಲಿ 0.12! ಹತ್ತಿರದ ಅಂಕಿಗೆ ಸರಿಹೊಂದಿಸುವ ನಿಯಮ ಎರಡಕ್ಕೂ ಬೇರೆ ಬೇರೆ. ಗುಮಾಸ್ತರ ಕಣ್ಣಿಗೆ ಇಂಥದ್ದು ಬೀಳದೇ ಇರುತ್ತದೆಯೇ?

ಕೊನೆಗೆ ಹಣವನ್ನೆಲ್ಲ ಪೈಸೆಯ ಲೆಕ್ಕದಲ್ಲಿ ಲಾಂಗ್ ಅನ್ನೋ ದೊಡ್ಡ ಪೂರ್ಣಾಂಕದ ಟೈಪಿಗೆ ತಂದೆ. ನೂರರಿಂದ ಭಾಗಿಸಿದರೆ ರೂಪಾಯಿ, ಶೇಷ ಪೈಸೆ. ಪೈಸೆಗೆ ಎರಡು ಅಂಕಿ ತುಂಬಿಸಲೇಬೇಕು, ಇಲ್ಲದಿದ್ದರೆ ಐದು ಪೈಸೆ ಐವತ್ತಾಗುತ್ತದೆ.

ಆಮೇಲೆ ಅಲ್ಪವಿರಾಮದ ತಲೆನೋವು. ಜಾವಾದ ಫಾರ್ಮ್ಯಾಟ್ 10,284,350 ಅಂತ ಮೂರು ಮೂರಕ್ಕೆ ಕತ್ತರಿಸುತ್ತದೆ. ಡೆಸಿಮಲ್‌ಫಾರ್ಮ್ಯಾಟ್‌ಗೆ ನಮ್ಮ ಮಾದರಿ ಬರೆದುಕೊಟ್ಟರೂ ಅದು ಕೊನೆಯ ಗುಂಪಿನ ಅಳತೆಯನ್ನೇ ಎಲ್ಲಾ ಕಡೆ ಹಿಡಿಯುತ್ತದೆ. ಮೂರು, ಆಮೇಲೆ ಎರಡೆರಡು ಅನ್ನೋದು ಅದಕ್ಕೆ ಅರ್ಥವಾಗುವುದಿಲ್ಲ. ನಾನೇ ಹತ್ತು ಸಾಲಿನ ಫಂಕ್ಷನ್ ಬರೆದೆ. ಬಲಗಡೆಯ ಮೂರು ಅಂಕಿ ಎತ್ತಿಡು, ಉಳಿದದ್ದನ್ನು ಎರಡೆರಡಾಗಿ ಮುರಿ. ಗುಮಾಸ್ತರು 1,02,84,350.00 ನೋಡಿ “ಈಗ ಲೆಕ್ಕ ಅನಸ್ತೈತಿ ನೋಡು” ಅಂದರು.

ಎರಡು ದಿನಕ್ಕೇ ಮತ್ತೆ ಫೋನ್. ಒಬ್ಬರಿಗೆ ಮುಂಗಡ ಜಾಸ್ತಿ ಕೊಟ್ಟು ಬಾಕಿ ಮೈನಸ್‌ಗೆ ಹೋಗಿತ್ತು. ಚೀಟಿಯಲ್ಲಿ ‘-,450.00’ ಅಂತ ಬಂದಿತ್ತು. ನನ್ನ ಫಂಕ್ಷನ್ ಮೈನಸ್ ಚಿಹ್ನೆಯನ್ನೂ ಒಂದು ಅಂಕಿ ಅಂದುಕೊಂಡಿತ್ತು. ಅದನ್ನು ಹುಡುಕುವಾಗ ಇನ್ನೊಂದು ಸಿಕ್ಕಿತು. ಮೈನಸ್ ಐವತ್ತು ಪೈಸೆಯನ್ನು ನೂರರಿಂದ ಭಾಗಿಸಿದರೆ ಸೊನ್ನೆ, ಶೇಷ ಮೈನಸ್ ಐವತ್ತು. ಅಂಟಿಸಿದರೆ ‘0.-50’. ಈಗ ಚಿಹ್ನೆಯನ್ನು ಮೊದಲೇ ತೆಗೆದಿಟ್ಟು, ಉಳಿದದ್ದನ್ನೆಲ್ಲ ಸ್ಟ್ರಿಂಗ್ ಮಾಡಿ, ಕೊನೆಗೆ ಮುಂದೆ ಅಂಟಿಸುತ್ತೇನೆ.