ಜೂಲಿಯೆಟ್‌ಳ ಅಪ್ಪನಿಗೆ ಗೊತ್ತಿಲ್ಲದ್ದು

‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಮೂರನೆಯ ಅಂಕದ ಐದನೆಯ ದೃಶ್ಯದಲ್ಲಿ ಕ್ಯಾಪುಲೆಟ್ ಮಗಳು ಜೂಲಿಯೆಟ್‌ಗೆ ಆಡುವ ಮಾತನ್ನು ನಾನು ಮನೆಯಲ್ಲಿ ಅಭ್ಯಾಸ ಮಾಡುವಂತಿರಲಿಲ್ಲ. ‘ನೇಣು ಹಾಕಿಕೋ, ತಿರಿದು ತಿನ್ನು, ಹಸಿದಿರು, ಬೀದಿಯಲ್ಲಿ ಸಾಯಿ’ ಎಂದು ಹೆತ್ತ ಅಪ್ಪ ಹೇಳುತ್ತಾನೆ. ನನಗೂ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಅವಳ ಕಿವಿಗೆ ಬೀಳದಿರಲಿ ಎಂದು ತಾಲೀಮಿಗೆ ಅರ್ಧ ಗಂಟೆ ಮೊದಲೇ ಹೋಗಿ, ಖಾಲಿ ಕೋಣೆಯ ಗೋಡೆಗೆ ಆ ಮಾತು ಹೇಳುತ್ತಿದ್ದೆ.

ನಮ್ಮದು ಹವ್ಯಾಸಿ ತಂಡ. ಬ್ಯಾಂಕಿನವರು, ಮೇಷ್ಟರು, ಒಬ್ಬ ಅಂಗನವಾಡಿ ಕಾರ್ಯಕರ್ತೆ, ಉಳಿದವರು ವಿದ್ಯಾರ್ಥಿಗಳು. ಸಂಜೆ ಆರೂವರೆಗೆ ಸೇರಿ ಒಂಬತ್ತಕ್ಕೆ ಬಿಡುತ್ತಿದ್ದೆವು. ಶೇಕ್ಸ್‌ಪಿಯರ್‌ನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕವನ್ನು ನಾವೇ ಕೂತು ಕನ್ನಡಕ್ಕೆ ತಂದುಕೊಂಡಿದ್ದೆವು. ಹೆಸರುಗಳನ್ನಾಗಲಿ ಊರನ್ನಾಗಲಿ ಬದಲಾಯಿಸಲಿಲ್ಲ. ವೆರೋನಾ ವೆರೋನಾ ಆಗಿಯೇ ಉಳಿಯಿತು. ಮೊದಲ ಮೂರು ವಾರ ನಾನು ಕ್ಯಾಪುಲೆಟ್‌ನನ್ನು ಕಟುಕನ ಹಾಗೆ ಆಡಿದೆ. ಹುಬ್ಬು ಗಂಟಿಕ್ಕಿಕೊಂಡೇ ರಂಗಕ್ಕೆ ಬರುತ್ತಿದ್ದೆ. ಒಂದು ಸಂಜೆ ಜೂಲಿಯೆಟ್ ಆಗಿದ್ದ ಹುಡುಗಿ ನಡುವೆಯೇ ನಿಲ್ಲಿಸಿ, “ಸರ್, ನೀವು ಬರುವಾಗಲೇ ಸಿಟ್ಟಿನಲ್ಲಿ ಬರುತ್ತೀರಿ. ನಾನು ಮದುವೆ ಒಲ್ಲೆ ಎಂದದ್ದನ್ನು ನಿಮಗೆ ಇನ್ನೂ ಯಾರೂ ಹೇಳಿಯೇ ಇಲ್ಲ” ಎಂದಳು.

ಪ್ರತಿ ತೆಗೆದು ನೋಡಿದೆ. ಅವಳ ಮಾತು ನಿಜ. ಕ್ಯಾಪುಲೆಟ್ ಕೋಣೆಗೆ ಬರುವುದೇ ಮಗಳ ಕಣ್ಣೀರು ನೋಡಿ ಮರುಗುತ್ತ. ‘ಏನು ಮಗಳೇ, ಇನ್ನೂ ಅಳುತ್ತಿದ್ದೀಯಾ?’ ಎನ್ನುತ್ತಾನೆ. ಅವಳ ಕಣ್ಣು ಕಡಲು, ಮೈ ಅದರಲ್ಲಿ ತೇಲುವ ದೋಣಿ, ನಿಟ್ಟುಸಿರು ಗಾಳಿ ಎಂದು ಹೋಲಿಸುತ್ತಾನೆ; ಹೀಗೇ ಅತ್ತರೆ ದೋಣಿ ಮುಳುಗೀತು ಎಂದು ಹೆದರುತ್ತಾನೆ. ಅಷ್ಟಾದ ಮೇಲೆ ಹೆಂಡತಿ ಹೇಳುತ್ತಾಳೆ: ಹುಡುಗಿ ಈ ಸಂಬಂಧ ಬೇಡ ಎನ್ನುತ್ತಿದ್ದಾಳೆ. ಸಿಟ್ಟು ಹುಟ್ಟುವುದು ಅಲ್ಲಿಂದ ಮುಂದೆ. ಮೂರು ವಾರ ನಾನು ಆ ದೋಣಿಯ ಸಾಲುಗಳನ್ನು ಹಲ್ಲು ಕಡಿಯುತ್ತ ಹೇಳಿದ್ದೆ.

ಏಕೆ ಹಾಗೆ ಮಾಡಿದೆ ಎಂದು ಆ ರಾತ್ರಿ ತುಂಬ ಹೊತ್ತು ಯೋಚಿಸಿದೆ. ಜೂಲಿಯೆಟ್‌ಗೆ ಹಿಂದಿನ ದಿನವೇ ಹಗೆಯ ಮನೆಯ ರೋಮಿಯೋ ಜೊತೆ ಗುಟ್ಟಾಗಿ ಮದುವೆಯಾಗಿದೆ ಎಂಬುದು ನನಗೆ ಗೊತ್ತು. ಸ್ವಲ್ಪ ಹೊತ್ತಿಗೆ ಮುಂಚೆ ರೋಮಿಯೋ ಅದೇ ಕಿಟಕಿಯಿಂದ ಹಗ್ಗದ ಏಣಿ ಹಿಡಿದು ಇಳಿದುಹೋದದ್ದು ಗೊತ್ತು. ಐದನೆಯ ಅಂಕದಲ್ಲಿ ಅವಳು ಸಾಯುವುದೂ ಗೊತ್ತು. ಕ್ಯಾಪುಲೆಟ್‌ಗೆ ಇದರಲ್ಲಿ ಒಂದೂ ಗೊತ್ತಿಲ್ಲ. ನನ್ನ ಅರಿವು ಸೋರಿ ಅವನ ಮುಖಕ್ಕೆ ಬಂದಿತ್ತು. ಇಡೀ ಕಥೆ ಬಲ್ಲವನು ಅದರೊಳಗಿನ ಒಬ್ಬ ಮನುಷ್ಯನಿಗೆ ತೀರ್ಪು ಕೊಡಬಲ್ಲ. ಆ ಮನುಷ್ಯನ ಕಾರಣ ಮಾತ್ರ ಅವನಿಗೆ ಸಿಕ್ಕುವುದಿಲ್ಲ. ಆ ಗಂಟೆಯಲ್ಲಿ ಆ ಮನುಷ್ಯನಿಗೆ ಎಷ್ಟು ಗೊತ್ತಿತ್ತೋ ಅಷ್ಟರೊಳಗೆ ನಿಂತು ನೋಡಬೇಕು.

ಮರುದಿನ ನೋಟ್‌ಬುಕ್ಕಿನ ಒಂದು ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ‘ಗೊತ್ತಿರುವುದು’, ಬಲಕ್ಕೆ ‘ಗೊತ್ತಿಲ್ಲದ್ದು’, ಮೇಲೆ ವಾರ ಮತ್ತು ಹೊತ್ತು. ಕ್ಯಾಪುಲೆಟ್‌ನ ಹಾಳೆ ತುಂಬಿದಂತೆ ಬೇರೆಯೇ ಮನುಷ್ಯ ಕಾಣತೊಡಗಿದ. ಭಾನುವಾರ ಪ್ಯಾರಿಸ್ ಎಂಬ ಸಿರಿವಂತ ತರುಣ ಹೆಣ್ಣು ಕೇಳಲು ಬಂದಾಗ ಇದೇ ಅಪ್ಪ, ಅವಳಿಗಿನ್ನೂ ಹದಿನಾಲ್ಕು ತುಂಬಿಲ್ಲ, ಎರಡು ಬೇಸಿಗೆ ಕಳೆಯಲಿ ಎಂದಿದ್ದ. ನನ್ನ ಉಳಿದ ಆಸೆಗಳನ್ನೆಲ್ಲ ಮಣ್ಣು ನುಂಗಿದೆ, ಇವಳೊಬ್ಬಳೇ ಉಳಿದವಳು ಎಂದಿದ್ದ. ಮೊದಲು ಅವಳ ಮನಸ್ಸು ಗೆಲ್ಲು, ನನ್ನ ಒಪ್ಪಿಗೆ ಅವಳ ಒಪ್ಪಿಗೆಯ ಒಂದು ಪಾಲು ಅಷ್ಟೇ ಎಂದೂ ಹೇಳಿದ್ದ. ಸೋಮವಾರ ತಡರಾತ್ರಿ ಅವನೇ ಪ್ಯಾರಿಸ್‌ನನ್ನು ಕೂರಿಸಿಕೊಂಡು, ಇಂದು ಯಾವ ವಾರ, ಸೋಮವಾರವೇ, ಬುಧವಾರ ತೀರಾ ಬೇಗವಾಯಿತು, ಗುರುವಾರ ಇರಲಿ ಎಂದು ಮುಹೂರ್ತ ಇಡುತ್ತಾನೆ. ‘ಈ ರಾತ್ರಿ ಅವಳು ಕೆಳಗೆ ಬರಲಾರಳು’ ಎಂದು ಬೇರೆ ಹೇಳುತ್ತಾನೆ.

ಎರಡು ಬೇಸಿಗೆ ಮೂರು ದಿನಕ್ಕೆ ಇಳಿಯಲು ನಡುವೆ ಆದದ್ದೇನು? ಹೆಂಡತಿಯ ಸೋದರನ ಮಗ ಟಿಬಾಲ್ಟ್ ರೋಮಿಯೋನ ಕೈಯಲ್ಲಿ ಸತ್ತದ್ದು. ಅದಕ್ಕೂ ಮುಂಚೆ ಟಿಬಾಲ್ಟ್‌ನ ಕತ್ತಿಗೆ ಮರ್ಕ್ಯುಶಿಯೊ ಬಿದ್ದಿದ್ದಾನೆ. ಮರ್ಕ್ಯುಶಿಯೊ ವೆರೋನಾದ ದೊರೆಯ ಬಂಧು. ಇನ್ನೊಮ್ಮೆ ಬೀದಿ ಕಾಳಗ ನಡೆದರೆ ನಿಮ್ಮ ತಲೆ ಹೋದೀತು ಎಂದು ದೊರೆ ಭಾನುವಾರವಷ್ಟೇ ಎಚ್ಚರಿಸಿದ್ದ. ಸೋಮವಾರ, ನನ್ನ ರಕ್ತವೇ ಹರಿದಿದೆ, ಭಾರಿ ದಂಡ ತೆರುತ್ತೀರಿ ಎಂದಿದ್ದಾನೆ. ಪ್ಯಾರಿಸ್ ಕೂಡ ಅದೇ ದೊರೆಯ ಬಂಧು. ನಾಟಕದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ದೊರೆಯ ಮನೆಯೊಡನೆ ನೆಂಟಸ್ತಿಕೆ ಬೆಳೆಸುವುದು ಆ ರಾತ್ರಿ ಈ ಮುದುಕನಿಗೆ ಮನೆ ಉಳಿಸುವ ದಾರಿಯಾಗಿ ಕಂಡಿರಬೇಕು. ಇದು ನನ್ನ ಓದು. ನಾಟಕವೇ ಹೇಳುವ ಇನ್ನೊಂದು ಕಾರಣವೂ ಇದೆ: ಮಗಳು ಟಿಬಾಲ್ಟ್‌ಗಾಗಿ ಅತ್ತು ಅತ್ತು ಕೆಟ್ಟುಹೋದಾಳು, ಮದುವೆಯಾದರೆ ಕಣ್ಣೀರು ನಿಂತೀತು ಎಂದು ಅಪ್ಪ ಅವಸರ ಮಾಡುತ್ತಿದ್ದಾನೆ ಎಂದು ಪ್ಯಾರಿಸ್, ಗುಟ್ಟಿನ ಮದುವೆ ಮಾಡಿಸಿದ್ದ ಪಾದ್ರಿಗೆ ವಿವರಿಸುತ್ತಾನೆ. ಭಯ, ಲೆಕ್ಕಾಚಾರ, ಪ್ರೀತಿ ಮೂರೂ ಒಂದೇ ಎದೆಯಲ್ಲಿವೆ. ನಾನು ಆಡುತ್ತಿದ್ದ ಕಟುಕನಲ್ಲಿ ಮೂರರಲ್ಲಿ ಒಂದೂ ಇರಲಿಲ್ಲ.

ಕಾಲದ ಒತ್ತಡವನ್ನು ಶೇಕ್ಸ್‌ಪಿಯರ್ ತಿಳಿದೇ ಬಿಗಿದಿದ್ದಾನೆ. ಅವನಿಗೆ ಕಥೆ ಸಿಕ್ಕಿದ್ದು ಆರ್ಥರ್ ಬ್ರೂಕ್ ಎಂಬುವನು 1562ರಲ್ಲಿ ಅಚ್ಚು ಮಾಡಿಸಿದ ದೀರ್ಘ ಕವನದಲ್ಲಿ. ಅಲ್ಲಿ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ, ಹುಡುಗಿಗೆ ಹದಿನಾರು ವರ್ಷ. ನಾಟಕದಲ್ಲಿ ಭಾನುವಾರ ಬೆಳಿಗ್ಗೆ ಶುರುವಾದದ್ದು ಗುರುವಾರ ರಾತ್ರಿ ಕಳೆಯುವಷ್ಟರಲ್ಲಿ ಮುಗಿಯುತ್ತದೆ, ಹುಡುಗಿಗೆ ಹದಿಮೂರು. ಯಾರಿಗೂ ಒಂದು ರಾತ್ರಿ ಮಲಗಿ ಎದ್ದು ಯೋಚಿಸುವ ಬಿಡುವಿಲ್ಲ.

ಹಾಳೆಯ ಪ್ರಯೋಗವನ್ನು ಇಡೀ ತಂಡ ಮಾಡೋಣ ಎಂದಾಗ ನಿರ್ದೇಶಕರು ಒಂದು ಹೆಜ್ಜೆ ಮುಂದೆ ಹೋದರು. ಶೇಕ್ಸ್‌ಪಿಯರ್‌ನ ಕಾಲದಲ್ಲಿ ನಟರ ಕೈಗೆ ಇಡೀ ನಾಟಕದ ಪ್ರತಿ ಕೊಡುತ್ತಿರಲಿಲ್ಲ. ಅವರವರ ಮಾತು, ಪ್ರತಿ ಮಾತಿಗೂ ಮೊದಲು ಎದುರಿನವನ ಕೊನೆಯ ಕೆಲವು ಪದಗಳು, ಅಷ್ಟನ್ನೇ ಕಾಗದದ ಪಟ್ಟಿಗಳ ಮೇಲೆ ಬರೆದು ಅಂಟಿಸಿ ಸುರುಳಿ ಮಾಡಿ ಕೊಡುತ್ತಿದ್ದರು. ಎಡ್ವರ್ಡ್ ಆಲಿನ್ ಎಂಬ ಹೆಸರಾಂತ ನಟನ ಅಂಥದೊಂದು ಪಾತ್ರದ ಪ್ರತಿ ಲಂಡನ್ನಿನ ಡಲಿಚ್ ಕಾಲೇಜಿನಲ್ಲಿ ಇಂದಿಗೂ ಉಳಿದಿದೆ. ಹೊಸದಾಗಿ ಬಂದು ಸೇರಿದ್ದ ಹುಡುಗನೊಬ್ಬ ನಾಟಕವನ್ನು ಪೂರ್ತಿ ಓದಿರಲಿಲ್ಲ. ಅವನಿಗೆ ಮರ್ಕ್ಯುಶಿಯೊನ ಮಾತುಗಳನ್ನಷ್ಟೇ ಹೀಗೆ ಬರೆದು ಕೊಟ್ಟೆವು.

ಬೀದಿ ಕಾಳಗದ ದೃಶ್ಯಕ್ಕೆ ಬಂದೆವು. ಟಿಬಾಲ್ಟ್ ರೋಮಿಯೋನನ್ನು ನೀಚ ಎಂದು ಕರೆದು ಕೆಣಕುತ್ತಾನೆ. ಆಗಷ್ಟೇ ಮದುವೆಯಾಗಿ ಬಂದಿರುವ ರೋಮಿಯೋಗೆ ಟಿಬಾಲ್ಟ್ ಈಗ ಹೆಂಡತಿಯ ಬಂಧು. ಅವನು ‘ನೀನು ಎಣಿಸಲಾರದಷ್ಟು ನಿನ್ನನ್ನು ಪ್ರೀತಿಸುತ್ತೇನೆ’ ಎನ್ನುತ್ತಾನೆ. ಆ ಮಾತು ಕೇಳಿ ನಮ್ಮ ಹುಡುಗನ ಮುಖದಲ್ಲಿ ನಿಜವಾದ ಗಲಿಬಿಲಿ ಕಂಡಿತು, ಅದರ ಬೆನ್ನಿಗೇ ನಾಚಿಕೆ, ಆಮೇಲೆ ಸಿಟ್ಟು. ‘ಇದೆಂಥ ಹೇಡಿ ಶರಣಾಗತಿ!’ ಎಂದು ಅವನು ಕತ್ತಿಗೆ ಕೈ ಹಾಕಿದ್ದು ಕಲಿಸಿದ ನಟನೆಯಾಗಿರಲಿಲ್ಲ. ಗೆಳೆಯನ ಮರ್ಯಾದೆ ಬೀದಿಯಲ್ಲಿ ಹೋಗುತ್ತಿದೆ, ತಾನು ಉಳಿಸಬೇಕು. ಅವನಿಗೆ ಕಂಡದ್ದು ಅಷ್ಟೇ.

ದಾದಿಯ ಪಾತ್ರ ಸಿಕ್ಕಿದ್ದು ಅಂಗನವಾಡಿಯ ನಮ್ಮ ಅಕ್ಕನಿಗೆ. ದಾದಿ ಎಂದರೆ ನಗಿಸುವ ಪಾತ್ರ ಎಂದೇ ಎಲ್ಲರ ಎಣಿಕೆ. ಅಕ್ಕನೂ ಚೆನ್ನಾಗಿ ನಗಿಸುತ್ತಿದ್ದರು. ಹಾಳೆ ತುಂಬಲು ಕೂತಾಗ ಅವರು ಮೊದಲ ಅಂಕದ ಒಂದು ಸಾಲಿನಲ್ಲಿ ನಿಂತುಬಿಟ್ಟರು. ಜೂಲಿಯೆಟ್‌ಳ ವಯಸ್ಸಿನ ಲೆಕ್ಕ ಹೇಳುತ್ತ ದಾದಿ, ‘ಸೂಸನ್ನಳಿಗೂ ಇವಳಿಗೂ ಒಂದೇ ವಯಸ್ಸು. ಸೂಸನ್ ದೇವರ ಬಳಿ ಇದ್ದಾಳೆ; ಅವಳು ನನ್ನ ಯೋಗ್ಯತೆಗೆ ಮೀರಿದ ಮಗು’ ಎಂದು ಹೇಳಿ ಮುಂದೆ ಸಾಗುತ್ತಾಳೆ. ಮತ್ತೆ ಆ ಮಗುವಿನ ಮಾತು ನಾಟಕದಲ್ಲಿ ಎಲ್ಲೂ ಬರುವುದಿಲ್ಲ. “ಹೆತ್ತ ಮಗಳು ಮಣ್ಣಿಗೆ ಹೋದಳು, ಎದೆಹಾಲು ಒಡೆಯರ ಮಗಳಿಗೆ ಹೋಯಿತು” ಎಂದರು ಅಕ್ಕ. ಆ ಸಂಜೆ ಅವರು ಬೇರೇನೂ ಮಾತಾಡಲಿಲ್ಲ.

ಅಲ್ಲಿಂದ ಮಂಗಳವಾರ ಬೆಳಗಿನ ದೃಶ್ಯವೂ ಅವರಿಗೆ ಬೇರೆಯಾಯಿತು. ಅಪ್ಪ ಬೈದು ಹೋದ ಮೇಲೆ ಜೂಲಿಯೆಟ್ ದಾದಿಯನ್ನು ತಬ್ಬಿ, ಏನಾದರೂ ದಾರಿ ಹೇಳು ಎನ್ನುತ್ತಾಳೆ. ದಾದಿ ಹೇಳುವ ದಾರಿ: ರೋಮಿಯೋನನ್ನು ಮರೆತು ಪ್ಯಾರಿಸ್‌ನನ್ನು ಮದುವೆಯಾಗು, ಇವನ ಮುಂದೆ ಅವನು ಪಾತ್ರೆ ಒರೆಸುವ ಬಟ್ಟೆ. ಓದುಗರು ದಾದಿಯನ್ನು ದ್ವೇಷಿಸುವುದು ಇಲ್ಲಿ. ಆದರೆ ಕೆಲವೇ ನಿಮಿಷ ಮೊದಲು, ಮಗುವನ್ನು ಹೀಗೆ ಬೈಯುವುದು ತಪ್ಪು ಎಂದು ಒಡೆಯನ ಮುಖಕ್ಕೇ ಹೇಳಿದ್ದವಳು ಇವಳೊಬ್ಬಳೇ. ಗಡಿಪಾರಾದ ರೋಮಿಯೋ ಊರಿಗೆ ಕಾಲಿಟ್ಟರೆ ಸಾವು. ಗುಟ್ಟು ಹೊರಬಿದ್ದರೆ ಹುಡುಗಿ ಬೀದಿಗೆ ಬೀಳುತ್ತಾಳೆ, ಹಗ್ಗದ ಏಣಿ ಹೊತ್ತು ತಂದ ಆಳು, ಅಂದರೆ ದಾದಿ, ಅದಕ್ಕೂ ಮೊದಲು. ಒಂದು ಮಗುವನ್ನು ಕಳೆದುಕೊಂಡವಳು ಇನ್ನೊಂದು ಬದುಕಿರಲಿ ಎಂದು ಬಯಸುತ್ತಾಳೆ. ಮಾನ, ಸತ್ಯ, ಒಲವು ಅವಳಿಗೆ ಆಮೇಲಿನ ಮಾತು. ಅಕ್ಕ ಆ ಮಾತುಗಳನ್ನು ಜೂಲಿಯೆಟ್‌ಳ ತಲೆ ಸವರುತ್ತ, ಮಗುವಿಗೆ ತುತ್ತು ಉಣ್ಣಿಸುವ ದನಿಯಲ್ಲಿ ಹೇಳಿದರು. ನಮ್ಮಲ್ಲಿ ಯಾರೂ ನಗಲಿಲ್ಲ.

ಆ ಪ್ರೀತಿಯಿಂದಲೇ ಜೂಲಿಯೆಟ್ ಒಂಟಿಯಾಗುತ್ತಾಳೆ. ‘ಮನಸ್ಸಿನಿಂದ ಹೇಳುತ್ತಿದ್ದೀಯಾ?’ ಎಂದು ಕೇಳುತ್ತಾಳೆ. ಆತ್ಮಸಾಕ್ಷಿಯಾಗಿ ಎನ್ನುತ್ತಾಳೆ ದಾದಿ. ‘ಆಮೆನ್’ ಎನ್ನುತ್ತಾಳೆ ಹುಡುಗಿ, ನನಗೆ ತುಂಬ ಸಮಾಧಾನವಾಯಿತು ಎಂದು ದಾದಿಗೆ ಸುಳ್ಳು ಹೇಳಿ ಕಳಿಸುತ್ತಾಳೆ. ಸತ್ತಂತೆ ಮಲಗಿಸಲು ಪಾದ್ರಿ ಕೊಟ್ಟ ಮದ್ದನ್ನು ಅವಳು ಕುಡಿದದ್ದು ಪ್ರೇಮದ ಹುಚ್ಚಿನಿಂದ ಎಂದು ನಾನೂ ಬಹಳ ಕಾಲ ನಂಬಿದ್ದೆ. ಒಂದೇ ಬೆಳಿಗ್ಗೆ ಅಪ್ಪ, ಅಮ್ಮ, ದಾದಿ ಮೂವರೂ ಬಾಗಿಲು ಮುಚ್ಚಿದ ಮೇಲೆ ಅವಳಿಗೆ ತೆರೆದಿದ್ದದ್ದು ಪಾದ್ರಿಯ ಬಾಗಿಲೊಂದೇ. ಕುಡಿಯುವ ಮುನ್ನ ಅವಳು ಆ ಪಾದ್ರಿಯನ್ನೂ ಅನುಮಾನಿಸುತ್ತಾಳೆ: ಗುಟ್ಟಿನ ಮದುವೆ ಮಾಡಿಸಿದ್ದು ಬಯಲಾಗದಿರಲಿ ಎಂದು ಇವನು ವಿಷ ಕೊಟ್ಟಿದ್ದರೆ? ಹದಿಮೂರರ ಹುಡುಗಿ ನಡುರಾತ್ರಿ ಒಬ್ಬಳೇ ಕೂತು ಇನ್ನೊಬ್ಬರ ಉದ್ದೇಶ ತೂಗಿ ನೋಡುತ್ತಾಳೆ, ಮಗ್ಗುಲಿಗೆ ಚೂರಿ ಇಟ್ಟುಕೊಳ್ಳುತ್ತಾಳೆ, ಆಮೇಲೆ ಕುಡಿಯುತ್ತಾಳೆ. ಇಷ್ಟು ಸ್ಪಷ್ಟವಾಗಿ ಯೋಚಿಸುವವರು ಆ ನಾಟಕದಲ್ಲಿ ಇನ್ನೊಬ್ಬರಿಲ್ಲ.

ಪಾದ್ರಿ ಲಾರೆನ್ಸ್‌ನ ಬಗ್ಗೆ ನಮ್ಮಲ್ಲಿ ಒಮ್ಮತ ಮೂಡಲೇ ಇಲ್ಲ. ಎರಡು ಮನೆಗಳ ಹಗೆ ಅಳಿಸಲು ಈ ಮದುವೆ ನೆರವಾದೀತು ಎಂಬ ಒಳ್ಳೆಯ ಆಸೆಯಿಂದಲೇ ಅವನು ಹೊರಟವನು. ಆದರೆ ಅವನ ಹಾಳೆಯ ಎಡಭಾಗ ತುಂಬಿ ತುಳುಕುತ್ತಿತ್ತು, ಬಲಭಾಗದಲ್ಲಿ ಬರೆಯಲು ಹೆಚ್ಚೇನೂ ಇರಲಿಲ್ಲ. ಎಲ್ಲ ಬಲ್ಲವನೇ ಸಮಾಧಿಯಲ್ಲಿ ಕಾವಲುಗಾರರ ಸದ್ದು ಕೇಳಿ ಹುಡುಗಿಯನ್ನು ಬಿಟ್ಟು ಓಡುತ್ತಾನೆ. ಅವನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಆದರೂ ಅವನ ಕೊನೆಯ ಮಾತನ್ನು ನಾಟಕಕ್ಕೆ ಮರಳಿ ಸೇರಿಸಬೇಕೆಂದು ಹಟ ಹಿಡಿದವನು ನಾನೇ. ಎಲ್ಲರೂ ಸತ್ತ ಮೇಲೆ ಪಾದ್ರಿ ನಡೆದದ್ದನ್ನೆಲ್ಲ ದೊರೆಗೆ ಒಪ್ಪಿಸುವ ನಲವತ್ತು ಸಾಲುಗಳಿವೆ. ಪ್ರೇಕ್ಷಕರಿಗೆ ಗೊತ್ತಿರುವ ಕಥೆಯೇ ತಾನೇ ಎಂದು ನಾವು ಮೊದಲೇ ಕತ್ತರಿಸಿದ್ದೆವು. ಪ್ರೇಕ್ಷಕರಿಗೆ ಗೊತ್ತು, ಕ್ಯಾಪುಲೆಟ್‌ಗೆ ಗೊತ್ತಿಲ್ಲ. ಅವನ ಹಾಳೆಯ ಬಲಭಾಗ ಖಾಲಿಯಾಗುವುದು ಆ ನಲವತ್ತು ಸಾಲುಗಳಲ್ಲಿ.

ಪ್ರಯೋಗದ ರಾತ್ರಿ ನಾನು ಮಗಳ ಶವದ ಪಕ್ಕ ನಿಂತಿದ್ದೆ. ಆ ಹೊತ್ತಿನಲ್ಲಿ ಕ್ಯಾಪುಲೆಟ್‌ಗೆ ಒಂದೂ ಮಾತಿಲ್ಲ, ಕೇಳಬೇಕು ಅಷ್ಟೇ. ರೋಮಿಯೋ ಇವಳ ಗಂಡ, ಮದುವೆಯ ದಿನವೇ ಟಿಬಾಲ್ಟ್ ಸತ್ತ ಎನ್ನುತ್ತ ಬಂದ ಪಾದ್ರಿ ನನ್ನ ಕಡೆ ತಿರುಗಿದ. ‘ಇವಳು ಅತ್ತದ್ದು ಅವನಿಗಾಗಿ, ಟಿಬಾಲ್ಟ್‌ಗಾಗಿ ಅಲ್ಲ. ನೀವು ಆ ದುಃಖ ಕಳೆಯಲೆಂದು ಇವಳನ್ನು ಬಲವಂತವಾಗಿ ಪ್ಯಾರಿಸ್‌ಗೆ ಕೊಡಲು ಹೊರಟಿರಿ’ ಎಂದ. ತಾಲೀಮಿನಲ್ಲಿ ಹತ್ತಾರು ಸಲ ಕೇಳಿದ್ದ ಮಾತು. ಮಂಗಳವಾರ ಬೆಳಿಗ್ಗೆ ಅದೇ ಕೆನ್ನೆಯ ಮೇಲೆ ನೋಡಿದ್ದ ಕಣ್ಣೀರು ನೆನಪಾಯಿತು, ನಾನು ಹೇಳಿದ್ದ ದೋಣಿ ನೆನಪಾಯಿತು. ತಾಲೀಮಿನಲ್ಲಿ ನಾವು ಗೊತ್ತು ಮಾಡಿದ್ದ ಪ್ರಕಾರ ನಾನು ಅಲ್ಲಿ ಮಂಡಿಯೂರಬೇಕಿತ್ತು. ಆಗಲಿಲ್ಲ. ಪಾದ್ರಿಯ ಮಾತು ಮುಗಿಯುವವರೆಗೂ ನಿಂತೇ ಇದ್ದೆ. ಆಮೇಲೆ ರೋಮಿಯೋನ ಅಪ್ಪ ಮಾಂಟೆಗ್ಯೂ ಕಡೆಗೆ ಕೈ ಚಾಚಿ, ನನ್ನ ಪಾಲಿಗೆ ಉಳಿದಿದ್ದ ಸಾಲನ್ನು ಹೇಳಿದೆ: ‘ಅಣ್ಣಾ ಮಾಂಟೆಗ್ಯೂ, ನಿನ್ನ ಕೈ ಕೊಡು. ನನ್ನ ಮಗಳಿಗೆ ನೀನು ಕೊಡುವ ತೆರ ಇದೇ. ಇದಕ್ಕಿಂತ ಹೆಚ್ಚಿಗೆ ಕೇಳಲಾರೆ.’